ಓದಿದವರಿಗೆ ಆಯಸ್ಸು ಹೆಚ್ಚೇ? ನಮ್ಮ ಮನೆಯವರ ಗುಂಪಿನಲ್ಲಿ

ತಮ್ಮ, ಬೆಂಗಳೂರು: ಈ ಸುದ್ದಿಯನ್ನು ಎಲ್ಲರೂ ಓದಿ. 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ. 59 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ್ದಾರೆ. ಒಂದು ವರ್ಷ ಹೆಚ್ಚು ಓದಿದರೆ ವಯಸ್ಕರ ಸಾವಿನ ಅಪಾಯ ಸುಮಾರು ಶೇ 2ರಷ್ಟು ಇಳಿಯುತ್ತದೆ. ಶಾಲೆಯನ್ನೇ ಕಾಣದವರಿಗೆ ಹೋಲಿಸಿದರೆ 18 ವರ್ಷ ಓದಿದವರಲ್ಲಿ ಶೇ 34ರಷ್ಟು ಕಡಿಮೆ.

ದೊಡ್ಡಪ್ಪ, ಶನಿವಾರಸಂತೆ: ನಿಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ತೊಂಬತ್ತು ದಾಟಿದ ಮೇಲೂ ಕಣದಲ್ಲಿ ಕೂತು ಕಾಫಿ ಒಣಗಿಸುವವರಿಗೆ ಕೆಲಸ ಹೇಳುತ್ತಿದ್ದರು. ಎರಡೆರಡು ಪದವಿ ಪಡೆದವರಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ. ಗುಡ್ಡ ಹತ್ತಿ ಇಳಿಯಬೇಕು, ಹಿತ್ತಲ ಸೊಪ್ಪು ತಿನ್ನಬೇಕು. ಆಯಸ್ಸು ಬರುವುದು ಅದರಿಂದ.

ಅಕ್ಕ, ಮೈಸೂರು: ಅಜ್ಜಿ ಹೆತ್ತ ಎಂಟು ಮಕ್ಕಳಲ್ಲಿ ಉಳಿದದ್ದು ಐದೇ, ದೊಡ್ಡಪ್ಪ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ತಮ್ಮ, ಬೆಂಗಳೂರು: ಹೌದು. 1970ರಿಂದ 2009ರವರೆಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಇಳಿದದ್ದರಲ್ಲಿ ಅರ್ಧದಷ್ಟು ಹೆಂಗಸರ ಓದಿನಿಂದ ಎಂಬ ಅಂದಾಜು 2010ರಲ್ಲೇ ಲ್ಯಾನ್ಸೆಟ್‌ನಲ್ಲಿ ಬಂದಿತ್ತು.

ಚಿಕ್ಕಪ್ಪ, ಮಡಿಕೇರಿ: ಅವಸರ ಬೇಡ. ಉಳ್ಳವರ ಮಕ್ಕಳೇ ಹೆಚ್ಚು ಓದುತ್ತಾರೆ, ಹೊಟ್ಟೆ ತುಂಬ ಉಣ್ಣುವವರೂ ಅವರೇ. ಆಯಸ್ಸು ಕೊಟ್ಟದ್ದು ಓದೋ, ಉಣಿಸೋ? ಬ್ರಿಟನ್ನಿನಲ್ಲಿ ಶಾಲೆ ಬಿಡುವ ವಯಸ್ಸನ್ನು 1947ರಲ್ಲಿ ಹದಿನಾಲ್ಕರಿಂದ ಹದಿನೈದಕ್ಕೆ, 1972ರಲ್ಲಿ ಹದಿನಾರಕ್ಕೆ ಏರಿಸಿದರು. ಬದಲಾವಣೆಗೆ ತುಸು ಮುಂಚೆ ಮತ್ತು ತುಸು ಆಮೇಲೆ ಹುಟ್ಟಿದವರನ್ನು ಹೋಲಿಸಿ ನೋಡಿದಾಗ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅತ್ತೆ, ಕುಶಾಲನಗರ: ಆ ಹುಡುಗರಿಗೆ ಹದಿನಾಲ್ಕಕ್ಕೇ ಓದು ಬರಹ ಚೆನ್ನಾಗಿ ಬರುತ್ತಿತ್ತು. 1948ರಿಂದ ಅಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆಯೂ ಇತ್ತು. ಮೇಲೊಂದು ವರ್ಷ ಸೇರಿದರೆ ಎಷ್ಟು ಬದಲಾದೀತು? ನಾನು ಕಂಡದ್ದು ಏನೂ ಓದದವರ ಪಾಡು.

ಆರೋಗ್ಯ ಸಹಾಯಕಿಯಾಗಿದ್ದಾಗ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗುತ್ತಿದ್ದೆ. ಅಲ್ಲೊಬ್ಬಳು ಬಿಪಿ ಮಾತ್ರೆಯನ್ನು ಬಣ್ಣದಿಂದ ಗುರುತಿಟ್ಟುಕೊಂಡಿದ್ದಳು. ಒಮ್ಮೆ ಬೇರೆ ಕಂಪನಿಯ ಮಾತ್ರೆ ಕೈಗೆ ಬಂತು. ಔಷಧಿ ಅದೇ, ಬಣ್ಣ ಬೇರೆ. ಎರಡೂ ಬೇಕೇನೋ ಎಂದುಕೊಂಡು ಹಳೆಯದನ್ನೂ ಹೊಸದನ್ನೂ ನುಂಗುತ್ತಾ ಹೋದಳು. ಕೊಯ್ಲಿನ ನಡುವೆ ಕಣ್ಣು ಕತ್ತಲೆ ಬಂದು ಗಿಡದ ಬುಡದಲ್ಲೇ ಬಿದ್ದಳು. ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಎರಡೂ ಮಾತ್ರೆಯ ಪಟ್ಟಿಗಳನ್ನು ಹಿಡಿದು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು: "ಎರಡರಲ್ಲೂ ಅಮ್ಲೋಡಿಪಿನ್ ಎಂದೇ ಇದೆ, ಅಮ್ಮ." ಇದಕ್ಕೆ ದೊಡ್ಡ ಪದವಿ ಬೇಕಾಗಲಿಲ್ಲ. ಓದು ಬಂದವಳು ಡಾಕ್ಟರರನ್ನು ಇನ್ನೊಮ್ಮೆ ಕೇಳುತ್ತಾಳೆ, ಬಾರದವಳು ತಲೆಯಾಡಿಸಿ ಎದ್ದು ಬರುತ್ತಾಳೆ. ಇದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ.

ಅಮ್ಮನ ಮಾತು ಹೇಳಿದಿರಿ, ಅಣ್ಣ. ಅಮ್ಮನಿಗೆ ತೋಟವಿತ್ತು, ಕೊಟ್ಟಿಗೆಯಲ್ಲಿ ಹಾಲಿತ್ತು, ಜ್ವರ ಬಂದರೆ ಅಪ್ಪ ಜೀಪು ತರಿಸುತ್ತಿದ್ದರು. ಲೈನ್ ಮನೆಯವಳಿಗೆ ಏನಿದೆ? 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇ 82 ದಾಟಿತೆಂದು ಹಿಗ್ಗುತ್ತೇವೆ. ಓದು ಬಾರದೆ ಉಳಿದವರು ನಮ್ಮ ನಮ್ಮ ತೋಟಗಳಲ್ಲೂ ಇದ್ದಾರೆ. ಕೊಯ್ಲು ಶುರುವಾದರೆ ಅವರ ಮಕ್ಕಳು ಶಾಲೆ ಬಿಟ್ಟು ಕೂಸುಗಳನ್ನು ಕಾಯುತ್ತಾ ಕೂರುತ್ತಾರೆ.

ದೊಡ್ಡಪ್ಪ, ಶನಿವಾರಸಂತೆ: ಅಮ್ಮನಿಗೆ ಅನುಕೂಲವಿತ್ತು, ನಿಜ. ಆದರೆ ಮೈಮುರಿದು ದುಡಿದದ್ದೂ ಅವರ ಆಯಸ್ಸಿಗೆ ಕಾರಣ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಅತ್ತೆ, ಕುಶಾಲನಗರ: ಬಿಡಬೇಡಿ. ನಿಮ್ಮ ಲೈನ್ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳಲ್ಲ, ಅವಳನ್ನು ಮುಂದೆ ಕಳಿಸುತ್ತಾರೆಯೇ?

ದೊಡ್ಡಪ್ಪ, ಶನಿವಾರಸಂತೆ: ಅವಳಪ್ಪ ಬೇಡವೆನ್ನುತ್ತಿದ್ದಾನೆ. ಬಸ್ಸಿನ ಖರ್ಚು, ಕತ್ತಲಾದ ಮೇಲೆ ಆನೆಯ ಭಯ. ಅವನ ಮಾತಿನಲ್ಲೂ ಹುರುಳಿದೆ.

ಚಿಕ್ಕಪ್ಪ, ಮಡಿಕೇರಿ: ಹಾಗಾದರೆ ಹಾಸ್ಟೆಲ್ ಆಗಲಿ, ಅಣ್ಣ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಯಲ್ಲಿ ಮಾಡಿಸಿ. ಅರ್ಜಿ ನಾನು ತುಂಬುತ್ತೇನೆ.

ದೊಡ್ಡಪ್ಪ, ಶನಿವಾರಸಂತೆ: ಸೋಮವಾರ ಅವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಏನೇನು ದಾಖಲೆ ಬೇಕು, ಇಲ್ಲೇ ಬರೆದು ಹಾಕು.