ತಂತ್ರದ ಆಟಕ್ಕೆ ಯಾವ ಆವಿಷ್ಕಾರಗಳು ಬೇಕು, ಯಾವುವು ಬೇಡ?

ಪ್ರಶ್ನೆ (ಹಾಸನ):
ಗಂಗರಿಂದ ಟಿಪ್ಪುವಿನವರೆಗಿನ ನಮ್ಮ ಸೀಮೆಯ ಚರಿತ್ರೆಯನ್ನು ಆಧರಿಸಿ ನಾವು ಕೆಲವು ಗೆಳೆಯರು ಕಂಪ್ಯೂಟರ್ ಆಟವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದರ ಟೆಕ್ ಟ್ರೀಯಲ್ಲಿ, ಅಂದರೆ ಆಟಗಾರನು ಒಂದರ ನಂತರ ಒಂದಾಗಿ ಪಡೆಯುವ ಆವಿಷ್ಕಾರಗಳ ಪಟ್ಟಿಯಲ್ಲಿ, ಕೆರೆಯ ತೂಬು, ಮೂಸೆಯ (ಲೋಹ ಕರಗಿಸುವ ಮಣ್ಣಿನ ಪಾತ್ರೆಯ) ಉಕ್ಕು, ಬಳಪದ ಕಲ್ಲು, ಸೊನ್ನೆ, ಕಾಫಿ, ರಾಕೆಟ್ ಎಲ್ಲವೂ ಸೇರಿ ಪರದೆ ತುಂಬಿಹೋಗಿದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೇಲೂರು):
ಒಂದೊಂದು ಆವಿಷ್ಕಾರವೂ ಕೈಗೆ ಬಂದ ಮೇಲೆ ಆಟಗಾರನು ಹಿಂದೆ ಮಾಡಲಾಗದ ಯಾವ ಕೆಲಸವನ್ನು ಮಾಡಬಲ್ಲ ಎಂದು ಕೇಳಿ ನೋಡಿ; ಉತ್ತರ ಸಿಕ್ಕರೆ ಉಳಿಸಿ, ಇಲ್ಲದಿದ್ದರೆ ಬಿಡಿ. ಬಳಪದ ಕಲ್ಲು ಆವಿಷ್ಕಾರವಲ್ಲ, ನೆಲದಲ್ಲಿ ಸಿಗುವ ವಸ್ತು. ಅದರ ಜಾಗ ನಕ್ಷೆಯಲ್ಲಿ. ಆದರೆ ಆ ಮೆದು ಕಲ್ಲನ್ನು ತಿರುಗಿಸಿ ಕಡೆಯುವ ವಿದ್ಯೆ ಖಂಡಿತ ಇರಲಿ. 1117ರ ಚೆನ್ನಕೇಶವ ದೇಗುಲದ ನವರಂಗದಲ್ಲಿ ನಿಂತು ಕಂಬಗಳ ಸುತ್ತ ಬಳೆಗಳಂತೆ ಸಾಗುವ ಅಂಚುಗಳನ್ನು ನೋಡಿದರೆ, ಉಳಿಯೊಂದರಿಂದಲೇ ಆಗುವ ಕೆಲಸ ಅದಲ್ಲ ಎಂದು ತಿಳಿಯುತ್ತದೆ. ಸೊನ್ನೆಯನ್ನು ನಾನಾಗಿದ್ದರೆ ಬಿಡುತ್ತಿದ್ದೆ, ಅಭಿಮಾನಿಗಳು ಬೈದರೂ ಸರಿ.

ಉತ್ತರ (ಚಿಕ್ಕಮಗಳೂರು):
ಸೊನ್ನೆಯ ವಿಷಯದಲ್ಲಿ ಬೇಲೂರಿನವರ ಮಾತನ್ನು ಒಪ್ಪುತ್ತೇನೆ. ಬಾಬಾ ಬುಡನ್ ಯೆಮೆನ್‌ನಿಂದ ಬೀಜ ತಂದರೆಂಬ ಐತಿಹ್ಯವಿರುವ ಕಾಫಿಯನ್ನು ಆವಿಷ್ಕಾರವೆನ್ನುವುದಕ್ಕಿಂತ ಯಾತ್ರೆಯ ಮೂಲಕ ಒದಗುವ ಘಟನೆಯನ್ನಾಗಿ ಇಡುವುದು ಲೇಸು. ತೂಬನ್ನು ಮಾತ್ರ ಕೈಬಿಡಬೇಡಿ. ಏರಿ ಕಟ್ಟಿದರೆ ನೀರು ನಿಲ್ಲುತ್ತದೆ, ಆದರೆ ಏರಿಯ ಅಡಿಯಲ್ಲಿ ಕಲ್ಲಿನ ಕಾಲುವೆ ಹಾಯಿಸಿ, ಒಳಗಡೆ ನೀರಿನಲ್ಲಿ ನಿಂತ ಎರಡು ಕಂಬಗಳ ನಡುವೆ ಗೂಟವನ್ನು ಎತ್ತಿ ಇಳಿಸುವ ವ್ಯವಸ್ಥೆಯಿದ್ದರೆ ಮಾತ್ರ ಆ ನೀರನ್ನು ಬೇಕಾದಾಗ ಬೇಕಾದಷ್ಟು ಗದ್ದೆಗೆ ಬಿಡಬಹುದು. ಕೋಡಿಯನ್ನು ಬೇರೆಯಾಗಿಯೇ ಇಡಿ; ಕೋಡಿಯಿಲ್ಲದೆ ಕೆರೆ ಕಟ್ಟಿದವನ ಏರಿ ಜೋರು ಮಳೆಗೆ ಒಡೆಯಲಿ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಒಮ್ಮೆ ಹೋಗಿಬಂದರೆ ಅಳತೆಯ ಅಂದಾಜು ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೂಸೆಯ ಉಕ್ಕು ಸಿದ್ಧಿಸಿದ ಮೇಲೆಯೇ ರಾಕೆಟ್ ತೆರೆದುಕೊಳ್ಳುವಂತೆ ಮಾಡಿದ್ದೇವೆ, ಅದು ಸರಿಯೇ?

ಉತ್ತರ (ಅರಸೀಕೆರೆ):
ಆ ಕೊಂಡಿಯನ್ನು ಕತ್ತರಿಸಿ. ಮೂಸೆಯ ಉಕ್ಕು ಕತ್ತಿಯ ಅಲಗಿಗೆ ಬೇಕಾದ ಗಡಸು ಲೋಹ. ಮೈಸೂರಿನ ರಾಕೆಟ್ಟಿನ ಕೊಳವೆ ಬಡಿದು ಮಾಡಿದ ಮೆದು ಕಬ್ಬಿಣದ್ದು. ಕಾಗದದ ಕೊಳವೆ ತಡೆಯಲಾರದ ಒತ್ತಡವನ್ನು ಅದು ತಡೆಯುತ್ತಿದ್ದುದರಿಂದ ಹೆಚ್ಚು ಸಿಡಿಮದ್ದು ತುಂಬಿ ಹೆಚ್ಚು ದೂರಕ್ಕೆ ಹಾರಿಸಬಹುದಾಗಿತ್ತು. ಹಾಗಾಗಿ ಮದ್ದು ಮತ್ತು ಕಮ್ಮಾರಿಕೆ, ಇವೆರಡೇ ಅದರ ಬೇರುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಆ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು, ಅಲ್ಲಿನ ವಿಲಿಯಂ ಕಾಂಗ್ರೀವ್ ಎಂಬಾತ ಅದೇ ಮಾದರಿಯಿಂದ ತನ್ನ ರಾಕೆಟ್ ರೂಪಿಸಿದ. ಆದ್ದರಿಂದ ರಾಜಧಾನಿ ಗೆದ್ದ ಎದುರಾಳಿಗೂ ಈ ವಿದ್ಯೆ ಸಿಗುವಂತೆ ನಿಯಮ ಮಾಡಿ.