ಅಂಬಾಸಡರ್‌ನ ಚಾವಣಿಗೆ ಗರಗಸ ಇಡುವ ಮುನ್ನ

ಗುಂಪಿನ ಎಲ್ಲರಿಗೂ ನಮಸ್ಕಾರ. ಪದ್ಮಿನಿ ಕಾರಿನ ಹಿಂಭಾಗ ಕತ್ತರಿಸಿ ಮಾಡಿದ ಸೋಫಾ, ಡಿಕ್ಕಿಯಲ್ಲಿ ದೋಸೆ ಕಾವಲಿ ಕೂರಿಸಿದ ಕಾರು, ಹೀಗೆ ಬೆಳಿಗ್ಗೆಯಿಂದ ನೀವು ಕಳಿಸಿದ ಚಿತ್ರಗಳನ್ನೆಲ್ಲ ನೋಡಿ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಜಯನಗರದ ನಮ್ಮ ತಮ್ಮ, ತನ್ನ ತಾತನ 1968ರ ಅಂಬಾಸಡರ್‌ನ ಚಾವಣಿ ತೆಗೆಸಿ ಮದುವೆ ಮೆರವಣಿಗೆಗೆ ತೆರೆದ ಕಾರು ಮಾಡಿಸಲೇ ಎಂದು ಕೇಳಿದ್ದಾನೆ. ಅದು ಬರೆದು ಮುಗಿಯುವ ಮಾತಲ್ಲವಾದ್ದರಿಂದ ಧ್ವನಿ ಸಂದೇಶ ಕಳಿಸುತ್ತಿದ್ದೇನೆ.

ತಮ್ಮಾ, ದಯವಿಟ್ಟು ಕತ್ತರಿಸಬೇಡ. ಜೀಪಿಗಿರುವಂತೆ ಅಂಬಾಸಡರ್‌ಗೆ ಬೇರೆಯೇ ಚಾಸಿಸ್, ಅಂದರೆ ಭಾರ ಹೊರುವ ತಳದ ಚೌಕಟ್ಟು, ಇಲ್ಲ. ಅದರ ಮೂಲವಾದ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಲ್ಲಿದ್ದಂತೆ ನೆಲ, ಕಂಬ, ಚಾವಣಿ ಎಲ್ಲವನ್ನೂ ಬೆಸೆದು ಮಾಡಿದ ಒಂದೇ ಗೂಡು ಅದು. ವಿಲ್ಸನ್ ಗಾರ್ಡನ್‌ನ ಶೆಡ್ಡೊಂದರಲ್ಲಿ ಹೀಗೆ ಚಾವಣಿ ಕಳೆದುಕೊಂಡ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ನಡು ಕುಸಿದು ಬಾಗಿಲಿನ ಮೇಲ್ಗಡೆ ಸಂದೇ ಇರಲಿಲ್ಲ, ಕೆಳಗಡೆ ಬೆರಳು ತೂರುತ್ತಿತ್ತು. ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟರಂತೂ ಬಾಗಿಲು ಹಾಕಿಕೊಳ್ಳುತ್ತಲೇ ಇರಲಿಲ್ಲ.

ಮಾರ್ಪಾಡು ಎಂದರೆ ನನಗೆ ಆಗದು ಎಂದುಕೊಳ್ಳಬೇಡ. ನಮ್ಮ ತಂದೆಯವರು ತಮ್ಮ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ್ದರು. ಲಾಲ್‌ಬಾಗ್ ಪಶ್ಚಿಮ ದ್ವಾರದ ಬಳಿ ಅದರ ಸದ್ದು ಕೇಳಿಸಿದೊಡನೆ ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಡ್ಯಾಶ್‌ಬೋರ್ಡ್ ಮೇಲಿದ್ದ ಪುಟ್ಟ ಗಣಪತಿ ಆ ನಡುಕಕ್ಕೆ ಎಳ್ಳಷ್ಟೆಳ್ಳಷ್ಟೇ ಜರುಗುತ್ತ, ಬಸವನಗುಡಿಯಿಂದ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಎಡತುದಿಯಿಂದ ಬಲತುದಿಗೆ ಬಂದಿರುತ್ತಿದ್ದ. ಆದರೆ ಇಳಿಸಿದ ಎಂಜಿನ್ನಿಗೆ ಗ್ರೀಸ್ ಸವರಿ, ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಕೆಳಗೆ ಇಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ನಾವು ಅದನ್ನೇ ಮತ್ತೆ ಕೂರಿಸಿದೆವು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಪಡಿತರವಾದಾಗ ಬಸ್ಸುಗಳಿಗೆ ಇದ್ದಿಲ ಡ್ರಮ್ ಕಟ್ಟಿದ್ದೂ ಹೀಗೆಯೇ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡೇ ಎಂಜಿನ್ನಿನ ಆಹಾರ. ಪೆಟ್ರೋಲಿನಷ್ಟು ಶಕ್ತಿ ಇಲ್ಲದ್ದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು. ಕಾಲ ಬದಲಾದಾಗ ಡ್ರಮ್ ಬಿಚ್ಚಿದರೆ ಬಸ್ಸು ಮೊದಲಿನ ಬಸ್ಸೇ.

ಮಳೆಗಾಲದಲ್ಲಿ ನೀರು ನಿಲ್ಲುವ ಸಿಲ್ಕ್ ಬೋರ್ಡ್ ವೃತ್ತಕ್ಕೆ ದೋಣಿಕಾರು ಬೇಕು ಎಂದು ಒಬ್ಬರು ಬರೆದಿದ್ದೀರಿ. 1960ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಆಂಫಿಕಾರ್ ನಿಜಕ್ಕೂ ನೀರಿಗಿಳಿಯುತ್ತಿತ್ತು. ಅದಕ್ಕಿದ್ದದ್ದು ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನ 1147 ಸಿಸಿ ಎಂಜಿನ್. ಅದೇ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಆದರೆ ಆಂಫಿಕಾರ್‌ನ ಒಡಲನ್ನು ಮೊದಲಿನಿಂದಲೇ ನೀರಿಗೆಂದು ಕಟ್ಟಿದ್ದರು, ಯಾರ ತಾತನ ಕಾರನ್ನೂ ಕೊಯ್ದಿರಲಿಲ್ಲ.

ಇನ್ನೊಂದು ಮಾತು. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿಸ್, ಒಡಲು, ಎಂಜಿನ್ ಹೆಚ್ಚು ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ಗರಗಸ ತಾಗಿದರೆ ನಿನ್ನ ಗಾಡಿಗೆ ಆ ಯೋಗ ತಪ್ಪುತ್ತದೆ. ಮದುವೆಗೆ ಚಾವಣಿಯ ಮೇಲೆ ಕ್ಯಾರಿಯರ್ ಬಿಗಿದು ಸೇವಂತಿಗೆ ಹಾರ ಇಳಿಬಿಡೋಣ, ಮರುದಿನ ಬಿಚ್ಚಿಡಬಹುದು. ಭಾನುವಾರ ಬೆಳಿಗ್ಗೆ ಬರುತ್ತೇನೆ, ನೆಲದ ತಗಡಿಗೆ ತುಕ್ಕು ಹಿಡಿದಿದೆಯೇ ನೋಡೋಣ. ಜಾಕ್ ನಾನೇ ತರುತ್ತೇನೆ.