ಲಿವರ್ ರೈಫಲ್‌ನ ಹಗುರ ತೋಟಾಕ್ಕೆ ಯಾವ ಸೀಸದ ಗುಂಡು?

ಪ್ರಶ್ನೆ (ಟೆಕ್ಸಸ್‌ನಿಂದ):
ಸರ್, ನಾನು ಸಕಲೇಶಪುರದ ಕಡೆಯವನು, ಈಗ ಆಸ್ಟಿನ್ ಹತ್ತಿರ ಇದ್ದೇನೆ. ಹೋದ ವರ್ಷ ಒಂದು ಹಳೆಯ ಮಾರ್ಲಿನ್ 336 ತಗೊಂಡೆ, ಕೆಳಗಿನ ಲಿವರ್ ಎಳೆದು ತೋಟಾ ಏರಿಸುವ ರೈಫಲ್, ಥರ್ಟಿ-ಥರ್ಟಿ ಅನ್ನುವ ತೋಟಾದ್ದು. ಬೇಟೆಗಲ್ಲ, ಭಾನುವಾರ ರೇಂಜಿಗೆ ಹೋಗಿ 50 ಗಜದಲ್ಲಿ ಕಾಗದಕ್ಕೆ ಹೊಡೆಯುವುದಕ್ಕೆ ಅಷ್ಟೇ. ಅಂಗಡಿಯ ತೋಟಾ ದುಬಾರಿ, ಭುಜಕ್ಕೂ ಜೋರಾಗಿ ಒದೆಯುತ್ತದೆ, ಈಗ ಮಗಳೂ ಹೊಡೆಯಬೇಕು ಅನ್ನುತ್ತಾಳೆ. ಅದಕ್ಕೇ ಮನೆಯಲ್ಲೇ ಹಗುರ ತೋಟಾ ಕಟ್ಟಲು ಶುರು ಮಾಡಿದೆ. ತರಿಸಿದ್ದು 'ಹಾರ್ಡ್ ಕಾಸ್ಟ್' ಅಂತ ಬರೆದ ಸೀಸದ ಗುಂಡು, 170 ಗ್ರೇನ್ (ಸುಮಾರು 11 ಗ್ರಾಂ), 0.308 ಇಂಚು ದಪ್ಪ, ಗಟ್ಟಿತನ 22 ಬಿಎಚ್‌ಎನ್ (ಬ್ರಿನೆಲ್ ಅನ್ನುವ ಗಟ್ಟಿತನದ ಅಳತೆ). ಇಪ್ಪತ್ತು ಈಡು ಹೊಡೆಯುವಷ್ಟರಲ್ಲಿ ನಳಿಗೆ ಒಳಗೆಲ್ಲ ಸೀಸ ಮೆತ್ತಿಕೊಂಡಿತು. ಕಾಗದದಲ್ಲಿ ತೂತು ದುಂಡಗೆ ಬೀಳುತ್ತಿಲ್ಲ, ಬೀಗದ ಕಿಂಡಿ ಥರ ಉದ್ದಕ್ಕೆ ಬೀಳುತ್ತಿದೆ. ಇನ್ನೂ ಗಟ್ಟಿ ಗುಂಡು ತರಿಸಬೇಕಾ?

ಉತ್ತರ:
ಬೇಡ. ಗುಂಡು ಮೆತ್ತಗಾಗಿಲ್ಲ, ಸಣ್ಣದಾಗಿದೆ. ಪೆನ್ಸಿಲ್ವೇನಿಯಾದಲ್ಲಿ ಹದಿನಾಲ್ಕು ವರ್ಷದಿಂದ ಕೋವಿ ರಿಪೇರಿ ಮಾಡುತ್ತಿದ್ದೇನೆ, ಈ ದೂರು ತಂದವರಲ್ಲಿ ಹೆಚ್ಚಿನವರದ್ದು ಇದೇ ಕಥೆ.

0.308 ಅನ್ನುವುದು ತಾಮ್ರದ ಕವಚ ಇರುವ ಗುಂಡಿನ ಅಳತೆ. ಬರೀ ಸೀಸದ ಗುಂಡು ನಳಿಗೆಯ ಒಳ ಅಳತೆಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ದಪ್ಪ ಇರಬೇಕು. ಇಲ್ಲದಿದ್ದರೆ ಕುಕ್ಕರ್ ಗ್ಯಾಸ್ಕೆಟ್ ಸವೆದಾಗ ಪಕ್ಕದಿಂದ ಹಬೆ ನುಗ್ಗುತ್ತದಲ್ಲ, ಹಾಗೇ ಬಿಸಿ ಗ್ಯಾಸು ಗುಂಡಿನ ಪಕ್ಕದಿಂದ ನುಗ್ಗುತ್ತದೆ. ಹೋಗುವಾಗ ಸೀಸವನ್ನು ಕೊರೆದು ನಳಿಗೆಗೆ ಬಳಿದು ಹೋಗುತ್ತದೆ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳೇ ಗುಂಡನ್ನು ತಿರುಗಿಸುವುದು, ಅವು ಗುಂಡಿಗೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಅದು ಪಲ್ಟಿ ಹೊಡೆಯುತ್ತಾ ಹೋಗಿ ಅಡ್ಡಡ್ಡ ಬೀಳುತ್ತದೆ. ಇಲ್ಲಿ ಗಟ್ಟಿತನ ನಿಮಗೆ ಉಲ್ಟಾ ಹೊಡೆದಿದೆ. ಮೆತ್ತನೆಯ ಗುಂಡಾದರೆ ಹಿಂದಿನಿಂದ ಒತ್ತಡ ಬಿದ್ದಾಗ ಒಂಚೂರು ಉಬ್ಬಿ ಸಂದು ಮುಚ್ಚಿಕೊಳ್ಳುತ್ತಿತ್ತು. ಹಗುರ ತೋಟಾದ ಒತ್ತಡಕ್ಕೆ 22 ಬಿಎಚ್‌ಎನ್ ಗುಂಡು ಉಬ್ಬುವುದೇ ಇಲ್ಲ.

ಆದ್ದರಿಂದ ಮೊದಲು ನಿಮ್ಮ ನಳಿಗೆ ಅಳೆಯಿರಿ. ಕೋವಿಯಲ್ಲಿ ತೋಟಾ ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ಮಾರ್ಲಿನ್ 336ರಲ್ಲಿ ಲಿವರಿನ ಒಂದು ತಿರುಪು ಬಿಚ್ಚಿದರೆ ಲಿವರ್ ಬರುತ್ತದೆ, ಹಿಂದೆಯೇ ಬೋಲ್ಟ್ ಜಾರಿಕೊಂಡು ಆಚೆ ಬರುತ್ತದೆ. ಮೀನು ಗಾಳಕ್ಕೆ ಕಟ್ಟುವ ಮೆತ್ತನೆಯ ಸೀಸದ ತುಂಡು, ನಳಿಗೆಗಿಂತ ಕೊಂಚ ದಪ್ಪದ್ದು, ಎಣ್ಣೆ ಸವರಿ ಬಾಯಿಯ ಕಡೆಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಒಳಗೆ ಸೇರಿಸಿ. ಆಮೇಲೆ ಹಿತ್ತಾಳೆ ಸರಳಿನಿಂದ ನಿಧಾನಕ್ಕೆ ತಳ್ಳಿ ತೋಟಾ ಕೂರುವ ಹಿಂಬದಿಯಿಂದ, ಅಂದರೆ ಚೇಂಬರ್ ಕಡೆಯಿಂದ ತೆಗೆಯಿರಿ. ಮರದ ಕೋಲು ಬಳಸಬೇಡಿ, ಅದು ಓರೆಯಾಗಿ ಸೀಳಿ ಒಳಗೇ ಬೆಣೆ ಹೊಡೆದ ಹಾಗೆ ಕೂರುತ್ತದೆ. ಒಬ್ಬರು ಹಾಗೆ ಸಿಕ್ಕಿಸಿಕೊಂಡು ತಂದಿದ್ದನ್ನು ಬಿಡಿಸುವುದಕ್ಕೆ ನನಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಆಚೆ ಬಂದ ಸೀಸದ ಮೇಲೆ ಗೀರುಗಳ ಅಚ್ಚು ಕಾಣುತ್ತದೆ. ಅತಿ ದಪ್ಪ ಇರುವ ಜಾಗವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಸಾವಿರದಲ್ಲಿ ಒಂದರ ಲೆಕ್ಕ ಇದು, ಸಾಧಾರಣ ಕ್ಯಾಲಿಪರನ್ನು ನಂಬಬೇಡಿ.

ಬಂದ ಅಳತೆಗೆ 0.001 ಅಥವಾ 0.002 ಸೇರಿಸಿದರೆ ಅದೇ ನಿಮ್ಮ ಗುಂಡಿನ ಅಳತೆ. ಹಳೆಯ ಮಾರ್ಲಿನ್‌ಗಳಿಗೆ ಸಾಮಾನ್ಯವಾಗಿ 0.310 ಅಥವಾ 0.311 ಬರುತ್ತದೆ. ಡಬ್ಬಿಗಟ್ಟಲೆ ತರಿಸುವ ಮೊದಲು ಕೇಪೂ (ಪೆಟ್ಟು ಬಿದ್ದರೆ ಕಿಡಿ ಕೊಡುವ ಬುಡದ ಬಿಲ್ಲೆ) ಮದ್ದೂ ಇಲ್ಲದ ಒಂದು ಡಮ್ಮಿ ತೋಟಾ ಕಟ್ಟಿ, ಅದು ಚೇಂಬರಿಗೆ ಸಲೀಸಾಗಿ ಹೋಗಿ ಬರುತ್ತದಾ ನೋಡಿ.

ಗಟ್ಟಿತನ 10ರಿಂದ 12 ಇದ್ದರೆ ಧಾರಾಳ ಸಾಕು. ಸೆಕೆಂಡಿಗೆ 1300 ಅಡಿ ವೇಗಕ್ಕೆ ಅದಕ್ಕಿಂತ ಜಾಸ್ತಿ ಯಾಕೆ? ಶುದ್ಧ ಸೀಸ ಸುಮಾರು 5 ಇರುತ್ತದೆ, ಅದು ತೀರಾ ಮೆತ್ತಗೆ. ಲೈಮನ್ ನಂಬರ್ 2 ಅಂತ ಒಂದು ಮಿಶ್ರಣ ಇದೆ, 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ, ಅದು ಸುಮಾರು 15 ಬರುತ್ತದೆ. ಗಟ್ಟಿ ಮಾಡುವುದು ಹೆಚ್ಚಾಗಿ ಆಂಟಿಮನಿ. ತವರ, ಅದೇ ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು, ಇಲ್ಲಿ ಮುಖ್ಯವಾಗಿ ಅಚ್ಚಿನ ಮೂಲೆ ಮೂಲೆ ತುಂಬಲಿ ಅಂತ.

ಪ್ರಶ್ನೆ (ಅವರೇ):
ಮೈಕ್ರೋ-ಗ್ರೂವ್ ನಳಿಗೆಗೆ ಸೀಸ ಆಗಿಬರುವುದೇ ಇಲ್ಲ ಅಂತ ರೇಂಜಿನಲ್ಲಿ ಒಬ್ಬರು ಅಂದರು. ಮತ್ತೆ ಗುಂಡಿನ ಮೂತಿ, ಹಿಂದಿನ ತಾಮ್ರದ ಬಟ್ಟಲು, ಇವೆಲ್ಲ ಹೇಗಿರಬೇಕು?

ಉತ್ತರ:
ಆ ಮಾತು ನನಗೂ ಕೇಳಿ ಕೇಳಿ ಸಾಕಾಗಿದೆ. ಮಾರ್ಲಿನ್‌ನವರು 1953ರ ಹೊತ್ತಿಗೆ ಈ ಥರದ ಸಣ್ಣ ಸಣ್ಣ ಗೀರಿನ ನಳಿಗೆ ತಂದರು. ಗೀರು ಆಳ ಇಲ್ಲದ್ದರಿಂದ ಸಣ್ಣ ಗುಂಡನ್ನು ಅದು ಹಿಡಿಯುವುದಿಲ್ಲ, ಅಷ್ಟೇ. ಅಳತೆ ಸರಿ ಇದ್ದರೆ ಚೆನ್ನಾಗೇ ಹೊಡೆಯುತ್ತದೆ.

ಮೂತಿ ಮಾತ್ರ ಚಪ್ಪಟೆ ಇರಲೇಬೇಕು. ಇದರಲ್ಲಿ ರಾಜಿ ಇಲ್ಲ. ನಿಮ್ಮ ಕೋವಿಯಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ನಿಲ್ಲುತ್ತವೆ, ಹಿಂದಿನದರ ಮೂತಿ ಮುಂದಿನದರ ಕೇಪಿಗೇ ತಾಗಿರುತ್ತದೆ. ಒಂದು ಈಡು ಹೊಡೆದಾಗ ಇಡೀ ಸಾಲು ಅಲುಗುತ್ತದೆ. ಮೊನಚು ಮೂತಿ ಇದ್ದರೆ ಅದು ಮೊಳೆ ಹೊಡೆದ ಹಾಗೆ, ಕೊಳವೆಯೊಳಗೇ ಸಿಡಿಯಬಹುದು, ಅಲ್ಲಿರುವುದು ನಿಮ್ಮ ಎಡಗೈ. ಥರ್ಟಿ-ನಾಟ್-ಸಿಕ್ಸ್ ಅನ್ನುವ ಬೇರೆ ತೋಟಾಕ್ಕೆ ಅಂತ ಮಾಡಿದ ಮೊನಚು ಗುಂಡು ಅಗ್ಗಕ್ಕೆ ಸಿಕ್ಕಿತು ಅಂತ ತಂದು ತುಂಬಬೇಡಿ. ಲೀ ಕಂಪನಿಯ 150 ಮತ್ತು 170 ಗ್ರೇನ್ ಚಪ್ಪಟೆ ಮೂತಿಯ ಅಚ್ಚುಗಳು, ಲೈಮನ್‌ನ 311041, ಇವೆಲ್ಲ ಥರ್ಟಿ-ಥರ್ಟಿಗೆ ಒಗ್ಗುವಂಥವು. ಮಗಳಿಗಾದರೆ 150 ತಗೊಳ್ಳಿ, ಒದೆತ ಕಡಿಮೆ.

ಹಿಂದಿನ ತಾಮ್ರದ ಬಟ್ಟಲಿಗೆ ಗ್ಯಾಸ್ ಚೆಕ್ ಅನ್ನುತ್ತಾರೆ. ವೇಗ 1400 ದಾಟದಿದ್ದರೆ ಬೇಕಾಗುವುದಿಲ್ಲ. ಆದರೆ ಬಟ್ಟಲಿಗೆ ಅಂತ ಬುಡ ಸಣ್ಣ ಮಾಡಿದ ಗುಂಡು ತಂದರೆ ಬಟ್ಟಲು ಹಾಕಿಯೇ ಹೊಡೆಯಿರಿ.

ಕಟ್ಟುವಾಗ ಕೇಸಿನ, ಅಂದರೆ ತೋಟಾದ ಹಿತ್ತಾಳೆ ಚಿಪ್ಪಿನ, ಬಾಯಿ ಒಂಚೂರು ಅರಳಿಸಿ, ಇಲ್ಲದಿದ್ದರೆ ಹಿತ್ತಾಳೆಯ ಅಂಚು ಸೀಸವನ್ನು ಹೆರೆದು ನೀವು ದುಡ್ಡು ಕೊಟ್ಟ ಅಳತೆಯನ್ನೇ ಹಾಳು ಮಾಡುತ್ತದೆ. ಕೊನೆಗೆ ಗುಂಡಿನ ಸುತ್ತಲಿನ ತೋಡಿಗೆ ಕೇಸಿನ ಬಾಯಿ ಒತ್ತಿ ಸರಿಯಾಗಿ ಕ್ರಿಂಪ್ ಮಾಡಿ, ಕೊಳವೆಯ ಸ್ಪ್ರಿಂಗು ಒತ್ತಿದರೂ ಗುಂಡು ಒಳಗೆ ಕುಸಿಯಬಾರದು. ಹೊಸ ಗುಂಡಿಗೆ ಮುಂಚೆ ಮೆತ್ತಿಕೊಂಡ ಸೀಸ ಪೂರ್ತಿ ತೆಗೆಯಿರಿ. ಪಾತ್ರೆ ತಿಕ್ಕುವ ತಾಮ್ರದ ಜುಂಗಿನ ನಾಲ್ಕು ಎಳೆಯನ್ನು ಹಳೆಯ ಬ್ರಷ್‌ಗೆ ಸುತ್ತಿ ತಿಕ್ಕಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಜುಂಗಿಗೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ತಾಮ್ರದ ಬಣ್ಣದ ಕಬ್ಬಿಣ, ನಳಿಗೆಗೆ ಹಾಕಬೇಡಿ.

ಪ್ರಶ್ನೆ (ಇನ್ನೊಬ್ಬರು):
ಅಣ್ಣಾ, ಮದ್ದು ಎಷ್ಟು ಗ್ರೇನ್ ಹಾಕಬೇಕು, ಒಂದು ನಂಬರ್ ಹೇಳಿಬಿಡಿ.

ಉತ್ತರ:
ಹೇಳುವುದಿಲ್ಲ ತಮ್ಮಾ, ಬೇಜಾರಾಗಬೇಡಿ. ನಿಮ್ಮ ಗುಂಡಿನ ತೂಕಕ್ಕೆ, ನಿಮ್ಮ ಮದ್ದಿನ ಹೆಸರಿಗೆ ಲೋಡಿಂಗ್ ಮ್ಯಾನ್ಯುಯಲ್‌ನಲ್ಲಿ ಸೀಸದ ಗುಂಡಿನ ಪಟ್ಟಿ ಬೇರೆಯೇ ಇರುತ್ತದೆ, ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ. ಹಗುರ ತೋಟಾ ಅಂದರೆ ಅಪಾಯವೂ ಹಗುರ ಅಂದುಕೊಳ್ಳುತ್ತಾರೆ. ಬೇಗ ಉರಿಯುವ ಮದ್ದು ಕೇಸಿನ ತಳದಲ್ಲಿ ಒಂಚೂರೇ ಇರುತ್ತದೆ, ಮರೆತು ಎರಡನೇ ಸಲ ಹಾಕಿದರೂ ತುಂಬಿ ಚೆಲ್ಲುವುದಿಲ್ಲ, ಗೊತ್ತೇ ಆಗುವುದಿಲ್ಲ. ನಾನು ಐವತ್ತು ಕೇಸನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡುತ್ತೇನೆ. ಇಷ್ಟು ವರ್ಷ ಆದರೂ ಬಿಟ್ಟಿಲ್ಲ. ನಿಧಾನ ಉರಿಯುವ ಮದ್ದನ್ನು ಮ್ಯಾನ್ಯುಯಲ್‌ಗಿಂತ ಕಡಿಮೆ ಮಾಡುವುದೂ ತಪ್ಪು. ಹೊಡೆದಾಗ ಢಂ ಅನ್ನುವ ಬದಲು ಪುಸ್ ಅಂದರೆ ಅಲ್ಲೇ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ.

ಪ್ರಶ್ನೆ (ನ್ಯೂಜೆರ್ಸಿಯಿಂದ):
ನಾನು ಎಚ್-1ಬಿ ಮೇಲೆ ಇದ್ದೇನೆ. ಗುಂಡು ಎರಕ ಹೊಯ್ಯುವುದು ಬರೀ ಹವ್ಯಾಸ ಅಲ್ವಾ, ಅಡುಗೆಮನೆ ಒಲೆಯಲ್ಲಿ ಮಾಡಬಹುದಾ?

ಉತ್ತರ:
ಮೊದಲು ವೀಸಾ ವಿಷಯ. ಎಚ್-1ಬಿ ಥರದ ತಾತ್ಕಾಲಿಕ ವೀಸಾದವರು ಕೋವಿ ಮಾತ್ರ ಅಲ್ಲ, ತೋಟಾ ಇಟ್ಟುಕೊಳ್ಳುವುದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅಂಥ ಕೆಲವು ವಿನಾಯಿತಿ ಇವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ರಾಜ್ಯದ ಕಾನೂನು ಮತ್ತೆ ಬೇರೆ. ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಅಡುಗೆಮನೆ ಅಂತೂ ಬೇಡವೇ ಬೇಡ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕರಗಿದ ಸೀಸಕ್ಕಿಂತ ಮೇಲಿನ ಕಿಟ್ಟ ತೆಗೆಯುವಾಗ ಏಳುವ ಧೂಳು ಜಾಸ್ತಿ ಕೆಟ್ಟದ್ದು, ಮಕ್ಕಳಿರುವ ಮನೆಯಲ್ಲಿ ಅದು ಊಟಕ್ಕೆ ಸೇರುತ್ತದೆ. ಹೊರಗೆ, ಗಾಳಿ ಆಡುವ ಕಡೆ ಮಾಡಿ. ಒಂದು ಹನಿ ನೀರು ಕರಗಿದ ಸೀಸದೊಳಗೆ ಹೋದರೆ ಪಾತ್ರೆಯಲ್ಲಿದ್ದದ್ದು ಮುಖಕ್ಕೇ ಹಾರುತ್ತದೆ. ಇಷ್ಟೆಲ್ಲ ಬೇಡ ಅನ್ನಿಸಿದರೆ ಎರಕ ಹೊಯ್ದ ಗುಂಡನ್ನೇ ಕೊಂಡುಕೊಳ್ಳಿ, ನಾನೂ ಈಗ ಹೆಚ್ಚಾಗಿ ಅದನ್ನೇ ಮಾಡುವುದು.

ಪ್ರಶ್ನೆ (ಮಡಿಕೇರಿಯಿಂದ):
ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ, ಕೈಲ್‌ಪೊಳ್ದ್‌ಗೆ ಪೂಜೆ ಮಾಡಿ ತೆಂಗಿನಕಾಯಿಗೆ ಹೊಡೆಯುತ್ತೇವೆ. ನಾವೂ ತೋಟಾ ಕಟ್ಟಬಹುದಾ?

ಉತ್ತರ:
ಬೇಡ. ಕೊಡವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸುವುದಕ್ಕೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಅಂಗಡಿಯದ್ದನ್ನೇ ತನ್ನಿ.

ಮೂರು ವಾರದ ಮೇಲೆ, ಟೆಕ್ಸಸ್‌ನವರು:
ಸರ್, ಅಳೆದೆ. 0.3095 ಬಂತು, ನಾನು ಹೊಡೆಯುತ್ತಿದ್ದದ್ದು 0.308! 0.311 ಅಳತೆಯ 150 ಗ್ರೇನ್, 12 ಬಿಎಚ್‌ಎನ್ ತರಿಸಿದೆ. ಹತ್ತು ಈಡೂ ಅಂಗೈ ಅಗಲದೊಳಗೆ ಬಿದ್ದವು, ಎಲ್ಲ ದುಂಡನೆಯ ತೂತು. ನಳಿಗೆ ಎರಡು ಬಟ್ಟೆಗೆ ಕ್ಲೀನಾಯಿತು. ಮಗಳು ಡಬ್ಬಿ ಖಾಲಿ ಮಾಡಿದಳು. ಒಂದೇ ತೊಂದರೆ, ಎಲ್ಲವೂ ಐದು ಇಂಚು ಕೆಳಗೆ ಬೀಳುತ್ತಿವೆ.

ಉತ್ತರ:
ವೇಗ ಕಡಿಮೆ ಆಯಿತಲ್ಲ, ಬೀಳಲೇಬೇಕು. ಹಿಂದಿನ ಸೈಟಿನ ಕೆಳಗೆ ಮೆಟ್ಟಿಲಿನ ಥರ ಹಲ್ಲಿರುವ ಪಟ್ಟಿ ಇದೆ, ಒಂದು ಹಲ್ಲು ಮೇಲೇರಿಸಿ ನೋಡಿ. ಮುಂಚೆ ಯಾವ ಹಲ್ಲಿನಲ್ಲಿ ಇತ್ತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ, ಅಂಗಡಿ ತೋಟಾ ಹಾಕುವ ದಿನ ಬೇಕಾಗುತ್ತದೆ.